ಕೋಡ್ ಪೂರ್ತಿ ಆಗಿಲ್ಲ, ಕಳಿಸಬಹುದಾ?

ನಮ್ಮ ತೀರ್ಥಹಳ್ಳಿ ಕಡೆಯ ಎಷ್ಟೋ ಸಂಘಗಳ ಹಳೇ ವರದಿಗಳು ಇನ್ನೂ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲೇ ಇವೆ. ಅಂಥವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ತರುವ ಒಂದು ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ತಂತ್ರಾಂಶಕ್ಕೆ ಹೋದ ಮಳೆಗಾಲ ನಾನೂ ಸ್ವಲ್ಪ ಕೋಡ್ ಬರೆದೆ. ಬರೆದಿದ್ದು ಒಂದು ವಾರ. ‘ಇನ್ನೂ ಸರಿಯಾಗಿಲ್ಲ’ ಅಂತ ಇಟ್ಟುಕೊಂಡು ಕೂತಿದ್ದು ಮೂರು ತಿಂಗಳು. ಅಷ್ಟು ದಿನ ಅದು ಯಾರಿಗೂ ಸಿಗಲಿಲ್ಲ. ತಪ್ಪೇ ಇಲ್ಲದ ಕೋಡ್‌ಗೆ ಕಾಯಬೇಡಿ. ಉಳಿದಿರುವ ತಪ್ಪು ಎಂಥದ್ದು ಅಂತ ನೋಡಿ.

ಮೊದಲು, ನಿಮ್ಮ ಬದಲಾವಣೆ ಏನು ಮಾಡುತ್ತದೆ ಅಂತ ಒಂದೇ ಸಾಲಲ್ಲಿ ಬರೆಯಿರಿ. ಒಂದು ಸಾಲಿಗೆ ಹಿಡಿಯದಿದ್ದರೆ ಅಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಬೇರೆ ಮಾಡಿ ಕಳಿಸಿ.

ಆಮೇಲೆ ಬೇರೆಯವರ ಫೈಲ್ ಹಾಕಿ ನೋಡಿ. ನಾನು ಪೇಟೆಯ ಡಿಟಿಪಿ ಅಂಗಡಿಯ ಅಕ್ಕನಿಗೆ ಕೊಟ್ಟೆ. ಐದೇ ನಿಮಿಷ. “ನೋಡೋ ತಮ್ಮಾ, ಆಚಾರ್ಯ ಅನ್ನೋ ಹೆಸರು ಆಚಾಯರ್ ಆಗಿದೆ” ಅಂದರು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಮೊದಲು ರ್, ಆಮೇಲೆ ಯ. ಆ ಜಾಗ ಬದಲಿಸುವ ಕೆಲಸ ನನ್ನ ಕೋಡ್‌ನಲ್ಲಿ ಒಂದು ಕಡೆ ಬಿಟ್ಟುಹೋಗಿತ್ತು. ನನ್ನದೇ ಫೈಲ್‌ಗಳಲ್ಲಿ ಅದು ಕಣ್ಣಿಗೆ ಬಿದ್ದಿರಲೇ ಇಲ್ಲ.

ಈಗ ಮುಖ್ಯ ಹೆಜ್ಜೆ. ಗೊತ್ತಿರುವ ತಪ್ಪುಗಳನ್ನೆಲ್ಲ ಎರಡು ಗುಂಪು ಮಾಡಿ: ಸದ್ದಿಲ್ಲದೆ ಕೆಡಿಸುವುದು, ಎದುರಿಗೇ ನಿಂತುಬಿಡುವುದು. ‘ಆಚಾಯರ್’ ಮೊದಲ ಗುಂಪಿನದು. ನೂರು ಪುಟದ ವರದಿಯಲ್ಲಿ ಯಾರ ಗಮನಕ್ಕೂ ಬರದೆ ಒಬ್ಬರ ಹೆಸರೇ ಹಾಳಾಗುತ್ತದೆ. ಇಂಥದ್ದು ಒಂದಿದ್ದರೂ ಬಿಡುಗಡೆ ಮಾಡಬೇಡಿ. ನನ್ನ ಕೋಡ್‌ಗೆ ಕೆಲವು ಚಿಹ್ನೆಗಳು ಗೊತ್ತಿರಲಿಲ್ಲ. ಅವನ್ನು ಊಹಿಸಿ ಏನೋ ಒಂದು ಅಕ್ಷರ ಹಾಕುತ್ತಿತ್ತು. ಊಹೆ ತೆಗೆದೆ. ಈಗ ಆ ಸಾಲನ್ನು ಇದ್ದ ಹಾಗೇ ಬಿಟ್ಟು, ಸಾಲಿನ ಸಂಖ್ಯೆ ತೋರಿಸುತ್ತದೆ. ಕೆಲಸ ಅರ್ಧವೇ, ಆದರೆ ಮೋಸ ಇಲ್ಲ. ಇದನ್ನು ಧೈರ್ಯವಾಗಿ ಕಳಿಸಬಹುದು, ಅಲ್ವಾ?

ಇನ್ನೆರಡು ಸಣ್ಣ ಕೆಲಸ. ಖಾಲಿ ಫೋಲ್ಡರ್‌ನಲ್ಲಿ ಕೋಡನ್ನು ಹೊಸದಾಗಿ ಕ್ಲೋನ್ (ಪೂರ್ತಿ ನಕಲು) ಮಾಡಿ, ರೀಡ್‌ಮಿ ಅನ್ನುವ ಸೂಚನೆಗಳ ಫೈಲ್ ಹೇಳಿದಷ್ಟೇ ಮಾಡಿ ಓಡಿಸಿ. ಕಮಿಟ್‌ಗಳು (ಒಂದೊಂದಾಗಿ ದಾಖಲಿಸುವ ಬದಲಾವಣೆಗಳು) ಚಿಕ್ಕದಿರಲಿ, ಎಡವಟ್ಟಾದರೆ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ರಿವರ್ಟ್ ಆದೇಶದಿಂದ ಅದೊಂದನ್ನೇ ಹಿಂದೆ ತೆಗೆಯಬಹುದು. ನಿಮ್ಮ ಕೋಡ್ ಮಾತ್ರ ಬಳಸುವವರ ಮೂಲ ಫೈಲ್ ಮೇಲೆ ಯಾವತ್ತೂ ಬರೆಯದಿರಲಿ.

ಕೊನೆಗೆ ಟಿಪ್ಪಣಿ: ಏನು ಆಗಿದೆ, ಏನು ಆಗಿಲ್ಲ ಅಂತ ಕೋಡ್ ಜೊತೆಗೇ ಬರೆಯಿರಿ. 1991ರ ಸೆಪ್ಟೆಂಬರಿನಲ್ಲಿ ಲಿನಸ್ ಟೋರ್ವಾಲ್ಡ್ಸ್ ತಮ್ಮ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನ 0.01 ಆವೃತ್ತಿ ಬಿಟ್ಟಾಗ, ಅದನ್ನು ಕಂಪೈಲ್ ಮಾಡಲಿಕ್ಕೇ (ಕಂಪ್ಯೂಟರ್ ಓಡಿಸುವ ರೂಪಕ್ಕೆ ತರಲಿಕ್ಕೇ) ಮಿನಿಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಂ ಬೇಕಿತ್ತು. ಆ ಕೊರತೆಯನ್ನು ಅವರು ಜೊತೆಯಲ್ಲೇ ಬರೆದು ಕೊಟ್ಟಿದ್ದರು. ಆವೃತ್ತಿ ಸಂಖ್ಯೆ ಸೊನ್ನೆಯಿಂದ ಶುರುವಾದರೆ ‘ಇದು ಇನ್ನೂ ಬದಲಾಗುತ್ತದೆ’ ಅಂತ ಓದುವವರಿಗೆ ಅರ್ಥವಾಗುತ್ತದೆ. ಪೂರ್ತಿ ಧೈರ್ಯ ಬರದಿದ್ದರೆ ಡ್ರಾಫ್ಟ್ ಪುಲ್ ರಿಕ್ವೆಸ್ಟ್ (‘ಇದು ಕರಡು, ಈಗಲೇ ಸೇರಿಸಬೇಡಿ’ ಅನ್ನುವ ಕೋರಿಕೆ) ಹಾಕಿ, ತಂಡದವರು ನೋಡಲಿ. ನನ್ನದರಲ್ಲೂ ಸದ್ದಿಲ್ಲದೆ ಕೆಡಿಸುವ ತಪ್ಪೊಂದು ಉಳಿದಿತ್ತು, ಹಾಗಾಗಿ ಬಿಡುಗಡೆ ಮಾಡದೆ ಡ್ರಾಫ್ಟ್ ಆಗಿಯೇ ಹಾಕಿದೆ. ನಾನು ಬರೆದಿದ್ದು ಇಷ್ಟೇ: “ಅರ್ಕಾವತ್ತು ಸರಿ ಮಾಡಿದೆ. ಪರೀಕ್ಷೆಯ ಪದಗಳು ಜೊತೆಗಿವೆ. ನಡುವೆ ಇಂಗ್ಲಿಷ್ ಪದ ಬಂದರೆ ಅದೂ ಕನ್ನಡ ಅಕ್ಷರವಾಗಿಬಿಡುತ್ತದೆ ಅಂತ ಗೊತ್ತಾಗಿದೆ. ಹಾಗಾಗಿ ಇಂಗ್ಲಿಷ್ ಇರುವ ಫೈಲ್‌ಗೆ ಸದ್ಯ ಬಳಸಬೇಡಿ. ಪರಿಹಾರ ಗೊತ್ತಿರುವವರು ದಯವಿಟ್ಟು ಕೈಜೋಡಿಸಿ.”