ಒಂಬತ್ತು ಡಾಲರಿನ ಮಧ್ಯಾಹ್ನದೂಟ: ಫಿಲಡೆಲ್ಫಿಯಾದಲ್ಲಿ ಜ್ಯೂರಿ ಡ್ಯೂಟಿ ಮಾಡಿದ ನನ್ನ ಅನುಭವ

ಫಿಲಡೆಲ್ಫಿಯಾದ ಕೋರ್ಟಿನಲ್ಲಿ ಜ್ಯೂರಿಗೆ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿನಲ್ಲಿ, ಕೂತವರಿಗೆ ದಿನಕ್ಕೆ 9 ಡಾಲರ್ ಕೊಡುತ್ತಾರೆ. ಮೊದಲ ಮೂರು ದಿನ ಇಷ್ಟೇ, ನಾಲ್ಕನೇ ದಿನದಿಂದ 25. ಇದು ಪೆನ್ಸಿಲ್ವೇನಿಯಾ ರಾಜ್ಯದ ಕಾನೂನು. ತೀರಾ ಸಣ್ಣ ಅಂಗಡಿ, ಕಂಪನಿಗಳನ್ನು ಬಿಟ್ಟರೆ, ಜ್ಯೂರಿಗೆ ಹೋದವರನ್ನು ಕೆಲಸದಿಂದ ತೆಗೆಯಬಾರದು ಅಂತ ಕಾನೂನಿದೆ, ಆದರೆ ಆ ದಿನಗಳ ಸಂಬಳ ಕೊಡಲೇಬೇಕು ಅಂತ ಇಲ್ಲ. ದೊಡ್ಡ ಕಂಪನಿಯಲ್ಲಿ ಇರುವವರಿಗೆ ಸಾಮಾನ್ಯವಾಗಿ ಸಂಬಳ ನಿಲ್ಲುವುದಿಲ್ಲ. ನಾನು ಡೇಕೇರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವವಳು. ಹೋಗದ ದಿನಕ್ಕೆ ದುಡ್ಡಿಲ್ಲ. ಹಾಗಾಗಿ ಮನೆ ಬಿಡುವ ಮೊದಲೇ ಒಂದು ತೀರ್ಮಾನ ಮಾಡಿದ್ದೆ. ಮಧ್ಯಾಹ್ನದ ಊಟ ಆ 9 ಡಾಲರಿನ ಒಳಗೇ ಮುಗಿಯಬೇಕು.

ಬಸ್ಸು, ರೈಲಿನ ಖರ್ಚನ್ನೂ ಇದರಲ್ಲೇ ಸೇರಿಸಿದರೆ ಕಥೆ ಮುಗಿಯಿತು. ಹೋಗಿ ಬರೋದಕ್ಕೇ ಅರ್ಧಕ್ಕಿಂತ ಜಾಸ್ತಿ ಖಾಲಿ. ಅದನ್ನು ಬೇರೆ ಲೆಕ್ಕಕ್ಕೆ ಹಾಕಿದೆ. ಇನ್ನೊಂದು ವಿಷಯ, ಊರಿನಿಂದ ಹೊಸದಾಗಿ ಬಂದವರು ಮರೆಯುವಂಥದ್ದು: ಫಿಲಡೆಲ್ಫಿಯಾದಲ್ಲಿ ಮಾರಾಟ ತೆರಿಗೆ 8 ಪರ್ಸೆಂಟ್, ರಾಜ್ಯದ್ದು 6, ನಗರದ್ದು 2. ಅಡುಗೆ ಮಾಡಿ ಕೊಡುವ ಊಟಕ್ಕೆಲ್ಲ ಅದು ಬೀಳುತ್ತದೆ. ಅಂದರೆ ಬೋರ್ಡಿನ ಮೇಲೆ ಬರೆದ ಬೆಲೆ 8.33 ದಾಟಿದರೆ ನನ್ನ 9 ಡಾಲರ್ ಸಾಲದು. ಹಣ್ಣು, ತರಕಾರಿಗೆ ತೆರಿಗೆ ಇಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ವಾರ ಪೂರ್ತಿ ನನ್ನ ಊಟ ನಡೆದದ್ದು ಇದೇ ಲೆಕ್ಕದ ಮೇಲೆ.

ಜ್ಯೂರಿ ಅಂದರೆ ಏನು ಅಂತ ಅಮ್ಮ ಫೋನಿನಲ್ಲಿ ಕೇಳಿದರು. ನಮ್ಮ ಕಡೆಯ ಹಿರಿಯರಿಗೆ ಬಾಂಬೆಯ ನಾನಾವತಿ ಕೇಸು ಅಂದರೆ ತಕ್ಷಣ ಗೊತ್ತಾಗುತ್ತದೆ, ಜ್ಯೂರಿ ಕೂತಿದ್ದ ಕೊಲೆ ಕೇಸು, 1959ರದ್ದು. ಭಾರತದಲ್ಲಿ ಆ ಪದ್ಧತಿ ಹೋಗಿ ಎಷ್ಟೋ ಕಾಲವಾಯಿತು. ಇಲ್ಲಿ ಪೌರತ್ವ ತೆಗೆದುಕೊಂಡ ಮೇಲೆ ಯಾವತ್ತಾದರೂ ಒಂದು ದಿನ ಅಂಚೆಯಲ್ಲಿ ಕಾಗದ ಬರುತ್ತದೆ. "ಅಲ್ಲಿ ಊಟ ಹಾಕ್ತಾರಾ?" ಅಂತ ಅಮ್ಮ ಕೇಳಿದರು. ಇಲ್ಲಮ್ಮ, ಹಾಕಲ್ಲ.

ಜಾಗ ಮಾತ್ರ ಒಳ್ಳೆಯದು. ಕ್ರಿಮಿನಲ್ ಕೋರ್ಟಿನ ಕಟ್ಟಡ 1301 ಫಿಲ್ಬರ್ಟ್ ಸ್ಟ್ರೀಟ್, ಸಿಟಿ ಹಾಲ್ ಪಕ್ಕದಲ್ಲೇ. ನಾನು ನಾರ್ತ್‌ಈಸ್ಟ್ ಕಡೆಯಿಂದ ಬಸ್ಸು ಹಿಡಿದು, ಫ್ರಾಂಕ್‌ಫರ್ಡಿನಿಂದ ಎಲ್ ಅನ್ನುವ ಮೆಟ್ರೊ ರೈಲಿನಲ್ಲಿ 13ನೇ ಬೀದಿಯ ಸ್ಟೇಷನ್ನಿಗೆ ಬಂದು ಇಳಿಯುತ್ತಿದ್ದೆ. ಕೋರ್ಟಿನಿಂದ ಒಂದು ಬ್ಲಾಕ್ ಪೂರ್ವಕ್ಕೆ ಹೋದರೆ ರೀಡಿಂಗ್ ಟರ್ಮಿನಲ್ ಮಾರ್ಕೆಟ್. ಅಲ್ಲಿಂದ ಇನ್ನೆರಡು ಬ್ಲಾಕ್ ದಾಟಿದರೆ ಚೈನಾಟೌನ್. ಈ ಊರಿನಲ್ಲಿ ಕಡಿಮೆ ದುಡ್ಡಿಗೆ ತಿನ್ನಬೇಕು ಅನ್ನುವವರಿಗೆ ಇದಕ್ಕಿಂತ ಅನುಕೂಲದ ಜಾಗ ಇಲ್ಲ.

ಆದರೆ ದುಡ್ಡಿಗಿಂತ ದೊಡ್ಡ ತೊಂದರೆ ಟೈಮಿನದು. ಊಟಕ್ಕೆ ಎಷ್ಟು ಹೊತ್ತು ಬಿಡುತ್ತಾರೆ ಅನ್ನೋದು ಜಡ್ಜ್ ಮೇಲೆ ಹೋಗುತ್ತದೆ. ನಮಗೆ ಸುಮಾರು ಒಂದು ಗಂಟೆ ಸಿಗುತ್ತಿತ್ತು, ಒಮ್ಮೊಮ್ಮೆ ಸ್ವಲ್ಪ ಜಾಸ್ತಿ. ಅದರಲ್ಲಿ ಲಿಫ್ಟಿಗೆ ಕಾಯಬೇಕು. ವಾಪಸ್ ಬರುವಾಗ ಮತ್ತೆ ಬ್ಯಾಗನ್ನು ಎಕ್ಸ್‌ರೇ ಬೆಲ್ಟ್ ಮೇಲೆ ಇಡಬೇಕು, ಬೆಲ್ಟು ಬಿಚ್ಚಬೇಕು, ಕಿಸೆಯ ಚಿಲ್ಲರೆ ಎಲ್ಲ ತಟ್ಟೆಗೆ ಹಾಕಬೇಕು. ಎಲ್ಲ ಕೋರ್ಟ್ ಹಾಲುಗಳೂ ಒಂದೇ ಹೊತ್ತಿಗೆ ಊಟಕ್ಕೆ ಬಿಟ್ಟಿರುತ್ತವೆ, ಹಾಗಾಗಿ ಕ್ಯೂ ಬಾಗಿಲಾಚೆಗೂ ಬೆಳೆದಿರುತ್ತದೆ. ಜ್ಯೂರಿಯ ಮಿಕ್ಕವರೆಲ್ಲ ಕೂತು ಒಬ್ಬರಿಗಾಗಿ ಕಾಯುವಂತೆ ಮಾಡಲು ಯಾರಿಗೂ ಇಷ್ಟ ಇರಲ್ಲ. ಲೆಕ್ಕ ಹಾಕಿದರೆ ಕೈಗೆ ಸಿಗುವುದು ಮುಕ್ಕಾಲು ಗಂಟೆಗಿಂತ ಕಡಿಮೆ.

ಮೊದಲು ಮಾರ್ಕೆಟ್ ವಿಷಯ. ರೀಡಿಂಗ್ ಟರ್ಮಿನಲ್ ಮಾರ್ಕೆಟ್ 1893ರದ್ದು. ರೈಲ್ವೆ ಕಂಪನಿಯವರು ಸ್ಟೇಷನ್ ಕಟ್ಟುವಾಗ ಅಲ್ಲಿ ಮೊದಲಿಂದ ವ್ಯಾಪಾರ ಮಾಡುತ್ತಿದ್ದವರು ಜಾಗ ಬಿಡಲಿಲ್ಲ, ಹಾಗಾಗಿ ರೈಲು ಮೇಲೆ, ಮಾರ್ಕೆಟ್ ಕೆಳಗೆ. 1984ರಲ್ಲಿ ಅಲ್ಲಿಗೆ ರೈಲು ಬರೋದು ನಿಂತಿತು, ಮಾರ್ಕೆಟ್ ನಿಲ್ಲಲಿಲ್ಲ. ಬ್ಯಾಸೆಟ್ಸ್ ಐಸ್‌ಕ್ರೀಮಿನವರು ಶುರುವಿನಿಂದ ಅಲ್ಲೇ ಇದ್ದಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಒಳಗೆ ಕಾಲಿಟ್ಟರೆ ಮಲ್ಲೇಶ್ವರಂ ಎಂಟನೇ ಕ್ರಾಸಿಗೆ ಹಬ್ಬದ ಹಿಂದಿನ ಸಂಜೆ ಹೋದ ಹಾಗೆ. ಪ್ರವಾಸಿಗಳು, ಪಕ್ಕದ ಕನ್ವೆನ್ಷನ್ ಸೆಂಟರಿನಿಂದ ಕೊರಳಿಗೆ ಕಾರ್ಡ್ ನೇತುಹಾಕಿಕೊಂಡು ಬಂದವರು, ಪೊಲೀಸರು, ವಕೀಲರು. ಹುರಿದ ಹಂದಿಮಾಂಸದ ಸ್ಯಾಂಡ್‌ವಿಚ್ಚಿಗೆ ಉದ್ದ ಕ್ಯೂ. ನಾನು ಸಸ್ಯಾಹಾರಿ, ಮೊಟ್ಟೆ ಮಾತ್ರ ತಿನ್ನುತ್ತೇನೆ, ಹಾಗಾಗಿ ಆ ಕ್ಯೂ ನನಗೆ ಬೇಡ.

ಅಲ್ಲಿನ ಕೌಂಟರುಗಳಲ್ಲಿ 9 ಡಾಲರಿಗೆ ಊಟ ಸಿಗುವುದು ಕಷ್ಟ. ಅನ್ನ, ಕಡಲೆ, ಪಾಲಕ್ ಪಲ್ಯ ಕೊಡುವ ನಮ್ಮ ಉಪಖಂಡದ ಅಂಗಡಿಯೂ ಇದೆ, ಕಡಲೆ ವಡೆಯಂಥ ಫಲಾಫಲ್ ಇದೆ. ರುಚಿ ಚೆನ್ನಾಗಿದೆ, ಆದರೆ ತೆರಿಗೆ ಸೇರಿದರೆ ನನ್ನ ಗೆರೆ ದಾಟುತ್ತದೆ. ಕೊನೆಗೆ ನಾನು ಕಂಡುಕೊಂಡ ದಾರಿ ಅಂದರೆ ಮಾರ್ಕೆಟ್ಟನ್ನು ಹೋಟೆಲ್ ಅಂದುಕೊಳ್ಳದೆ ಸಂತೆ ಅಂದುಕೊಳ್ಳುವುದು. ಮೂಲೆಯಲ್ಲಿ ಐಯೊವೈನ್ ಅನ್ನುವ ದೊಡ್ಡ ಹಣ್ಣು ತರಕಾರಿ ಅಂಗಡಿ. ಎರಡು ಬಾಳೆಹಣ್ಣು, ಒಂದು ಸೇಬು ತೆಗೆದುಕೊಂಡರೆ ಚಿಲ್ಲರೆ ದುಡ್ಡು, ತೆರಿಗೆಯೂ ಇಲ್ಲ. ಬ್ರೆಡ್ ಅಂಗಡಿಯಲ್ಲಿ ಒಂದು ರೋಲ್. ಚೀಸ್ ಅಂಗಡಿಯಲ್ಲಿ "ಕಾಲು ಪೌಂಡ್ ಕೊಡಿ" ಅಂದರೆ ಯಾರೂ ಮುಖ ಸಿಂಡರಿಸಲ್ಲ. ಇಷ್ಟಾದರೂ ಆರು ಡಾಲರ್ ಆಸುಪಾಸು. ಮಿಕ್ಕಿದ್ದರಲ್ಲಿ ಪ್ರೆಟ್ಜಲ್.

ಆ ಪ್ರೆಟ್ಜಲ್ ಬಗ್ಗೆ ಎರಡು ಮಾತು ಹೇಳಲೇಬೇಕು. ಲ್ಯಾಂಕಾಸ್ಟರ್ ಕಡೆಯಿಂದ ಬರುವ ಆಮಿಶ್ ಜನರ, ಅಂದರೆ ಹಳೆಯ ಕಾಲದ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಪಂಗಡದವರ, ಅಂಗಡಿಗಳು ಮಾರ್ಕೆಟ್ಟಿನ ಒಂದು ಬದಿಯಲ್ಲಿ ಸಾಲಾಗಿವೆ. ಮಿಲ್ಲರ್ಸ್ ಟ್ವಿಸ್ಟ್ ಅಂತ ಒಂದು. ಬಿಳಿ ಟೋಪಿ ಕಟ್ಟಿದ ಹುಡುಗಿ ಹಿಟ್ಟಿನ ಉಂಡೆ ತೆಗೆದುಕೊಂಡು ಮರದ ಹಲಗೆ ಮೇಲೆ ಎರಡೂ ಅಂಗೈಯಿಂದ ಉಜ್ಜುತ್ತಾಳೆ. ಅದು ಮೊಳದುದ್ದ ಹಗ್ಗ ಆಗುತ್ತದೆ. ಎರಡು ತುದಿ ಹಿಡಿದು ಒಮ್ಮೆ ಗಾಳಿಯಲ್ಲಿ ತಿರುವಿ ಗಂಟು ಹಾಕಿ ತಟ್ಟೆಗಿಡುತ್ತಾಳೆ. ಚಕ್ಕುಲಿ ಒತ್ತುವಾಗ ಅಜ್ಜಿಯ ಕೈ ಹೋಗುತ್ತಿದ್ದ ವೇಗ. ಒಲೆಯಿಂದ ತೆಗೆದ ತಕ್ಷಣ ಕರಗಿದ ಬೆಣ್ಣೆ ಮೇಲೆ ಸುರಿಯುತ್ತದೆ, ಕಾಗದದ ಚೀಲದ ತಳ ಒದ್ದೆಯಾಗುತ್ತದೆ. ಜರ್ಜರಿತರಾಗಿ ಕೂರುವ ಕೋರ್ಟ್ ಮಧ್ಯಾಹ್ನಗಳಿಗೆ ಇದು ಬೇಕು. ಒಂದು ಸೂಚನೆ: ಆಮಿಶ್ ಅಂಗಡಿಗಳು ಭಾನುವಾರ ಇರಲ್ಲ, ಕೆಲವು ಸೋಮವಾರವೂ ತೆರೆಯಲ್ಲ. ಸೋಮವಾರ ಕರೆ ಬಂದವರು ಅದನ್ನೇ ನಂಬಿಕೊಂಡು ಹೋಗಬೇಡಿ.

ಕೂರುವ ಜಾಗ ಸಿಗುವುದಿಲ್ಲ. ನಾನು ಪೊಟ್ಟಣ ಹಿಡಿದು ಸಿಟಿ ಹಾಲ್ ಅಂಗಳಕ್ಕೆ ಬರುತ್ತಿದ್ದೆ, ಇಲ್ಲವೇ ಅದರ ಪಶ್ಚಿಮಕ್ಕಿರುವ ಡಿಲ್ವರ್ತ್ ಪಾರ್ಕಿಗೆ. ಅಲ್ಲಿ ಕುರ್ಚಿ ಹಾಕಿರುತ್ತಾರೆ. ಮಾರ್ಕೆಟ್ಟಿನಲ್ಲಿ ಕೂರದೇ ಇರಲು ಇನ್ನೊಂದು ಕಾರಣವೂ ಇತ್ತು. ಕೇಸಿನ ವಕೀಲರು, ಸಾಕ್ಷಿಗಳು ಕೂಡ ಊಟಕ್ಕೆ ಬರೋದು ಅಲ್ಲಿಗೇ. ಜ್ಯೂರಿಯವರು ಅವರ ಹತ್ತಿರ ಮಾತಾಡುವ ಹಾಗಿಲ್ಲ. ನಮ್ಮ ಕೇಸಿನ ವಕೀಲರೊಬ್ಬರು ಪಕ್ಕದ ಟೇಬಲ್ಲಿಗೆ ತಟ್ಟೆ ಹಿಡಿದು ಬಂದು, ನನ್ನನ್ನು ಕಂಡು, ಹಾಗೇ ಹಿಂದಕ್ಕೆ ತಿರುಗಿಬಿಟ್ಟರು. ಪಾಪ, ಅವರ ಸೂಪು ಚೆಲ್ಲಿತು.

ಚೈನಾಟೌನ್ ತೋರಿಸಿದವರು ನಮ್ಮ ಜ್ಯೂರಿಯಲ್ಲೇ ಇದ್ದ ಒಬ್ಬ ಹಿರಿಯರು. ಇಲ್ಲಿನ ಸಾರಿಗೆ ಸಂಸ್ಥೆ ಸೆಪ್ಟಾದಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಊರಿನ ಪ್ರತಿ ತಿರುವೂ ಅವರಿಗೆ ಬಾಯಿಪಾಠ. ನಾನು ಬಾಳೆಹಣ್ಣು ಸುಲಿಯೋದು ನೋಡಿ, "ದಿನಾ ಇದೇನಾ? ಬನ್ನಿ ನನ್ನ ಜೊತೆ" ಅಂದರು. ಕೇಸಿನ ವಿಷಯ ಬಿಟ್ಟು ಏನು ಬೇಕಾದರೂ ಮಾತಾಡಬಹುದು. ಅವರು ದಾರಿಯುದ್ದಕ್ಕೂ ಬಸ್ ರೂಟುಗಳ ಬಗ್ಗೆಯೇ ಮಾತಾಡಿದರು.

ಆರ್ಚ್ ಸ್ಟ್ರೀಟಿನಲ್ಲಿ ಪೂರ್ವಕ್ಕೆ ನಡೆದರೆ 10ನೇ ಬೀದಿಯಲ್ಲಿ ಬಣ್ಣಬಣ್ಣದ ದೊಡ್ಡ ಕಮಾನು, 1984ರಲ್ಲಿ ಕಟ್ಟಿದ್ದು. ಅದರ ಕೆಳಗೆ ದಾಟಿದರೆ ಬೆಲೆ ಇಳಿಯುತ್ತದೆ. ಕೆಲವು ಅಂಗಡಿಗಳ ಗಾಜಿನ ಮೇಲೆ ಬ್ಯಾಸ್ಕೆಟ್‌ಬಾಲ್ ಸ್ಟೇಡಿಯಂ ಬೇಡ ಅನ್ನುವ ಹಳೆಯ ಪೋಸ್ಟರ್ ಇನ್ನೂ ಇತ್ತು. ಪಕ್ಕದಲ್ಲೇ ಸ್ಟೇಡಿಯಂ ಕಟ್ಟುತ್ತೇವೆ ಅಂತ ಹೊರಟಿದ್ದರು, 2025ರ ಜನವರಿಯಲ್ಲಿ ಕೈಬಿಟ್ಟರು. ಕಟ್ಟಿದ್ದರೆ ಈ ಬೆಲೆ ಉಳಿಯುತ್ತಿತ್ತಾ? ನನಗಂತೂ ನಂಬಿಕೆ ಇಲ್ಲ.

ಬೇಕರಿಗಳಲ್ಲಿ ಇಕ್ಕಳ, ತಟ್ಟೆ ನೀವೇ ಎತ್ತಿಕೊಂಡು ಬನ್ ಆರಿಸಬಹುದು. ಒಂದೊಂದು ಎರಡು ಡಾಲರ್ ಆಚೀಚೆ. ಕೆಂಪು ಕಾಳಿನ ಸಿಹಿ ಹೂರಣ ತುಂಬಿದ್ದು ನಮ್ಮ ಕಡಬಿನ ನೆಂಟ. ಈರುಳ್ಳಿ ಸೊಪ್ಪು ಹಾಕಿದ್ದೂ ಇದೆ, ಆದರೆ ಅದರಲ್ಲಿ ಹಂದಿಮಾಂಸದ ಚೂರು ಸೇರಿಸಿರುವುದುಂಟು, ಕೇಳಿಯೇ ತೆಗೆದುಕೊಳ್ಳಿ. ಮೊಟ್ಟೆ ತಿನ್ನುವವರಿಗೆ ಎಗ್ ಟಾರ್ಟ್. ಎರಡು ಬನ್, ಒಂದು ಟಾರ್ಟ್, ಒಂದು ಟೀ, ಆಯಿತು ಊಟ. ಗಟ್ಟಿಯಾಗಿ ಏನಾದರೂ ಬೇಕಿದ್ದರೆ ವಿಯೆಟ್ನಾಮಿನವರ ಬಾನ್ ಮೀ. ಗರಿಗರಿ ಬ್ರೆಡ್ಡಿನೊಳಗೆ ಹುರಿದ ತೋಫು, ವಿನೆಗರಿನಲ್ಲಿ ನೆನೆಸಿದ ಕ್ಯಾರೆಟ್ ಮೂಲಂಗಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ. "ಫಿಶ್ ಸಾಸ್ ಬೇಡ, ಮೆಣಸಿನಕಾಯಿ ಜಾಸ್ತಿ" ಅಂತ ಹೇಳಬೇಕು. ಇಡೀ ವಾರದಲ್ಲಿ ನನಗೆ ಊಟ ಅನ್ನಿಸಿದ್ದು ಇದೇ, ಅದೂ 9 ಡಾಲರ್ ಒಳಗೆ. ಕೈಯಲ್ಲಿ ನೋಟು ಇಟ್ಟುಕೊಂಡಿರಿ. ಸಣ್ಣ ಅಂಗಡಿಗಳು ಕಾರ್ಡಿಗೆ ಕಡಿಮೆ ಅಂದರೆ ಇಷ್ಟು ಆಗಬೇಕು ಅನ್ನುತ್ತವೆ. ನೋಟಿಗೆ ಮಾತ್ರ ಫಿಲಡೆಲ್ಫಿಯಾದಲ್ಲಿ ಯಾರೂ ಬೇಡ ಅನ್ನುವ ಹಾಗಿಲ್ಲ, 2019ರಿಂದ ಅದಕ್ಕೇ ಕಾನೂನಿದೆ.

ಬೀದಿ ಗಾಡಿಗಳ ಬಗ್ಗೆ ಜಾಸ್ತಿ ಹೇಳಲ್ಲ. ಸಿಟಿ ಹಾಲ್ ಸುತ್ತ ಹಲಾಲ್ ಗಾಡಿಗಳಿವೆ. ಅನ್ನದ ಮೇಲೆ ಫಲಾಫಲ್, ಬಿಳಿ ಸಾಸ್, ಕೆಂಪು ಸಾಸ್. ಹೊಟ್ಟೆ ತುಂಬಿ ಇನ್ನೂ ಉಳಿಯುತ್ತದೆ. ತೊಂದರೆ ಏನೆಂದರೆ ತಿಂದು ಬಂದು ಎರಡು ಗಂಟೆಗೆ ಸಾಕ್ಷಿ ಕೇಳುತ್ತಾ ಕೂರಬೇಕು. ರೆಪ್ಪೆ ತಾನೇ ಎಳೆಯುತ್ತದೆ. ಒಬ್ಬ ಮನುಷ್ಯನ ಬದುಕಿನ ಪ್ರಶ್ನೆ ಎದುರಿಗಿರುವಾಗ ತೂಕಡಿಸುವುದು ಸರಿಯಲ್ಲ ಅಲ್ವಾ? ಹಗುರವಾಗಿ ತಿನ್ನಿ.

ಇನ್ನು ಮನೆಯ ಬುತ್ತಿ. ಎಲ್ಲಕ್ಕಿಂತ ಅಗ್ಗ ಅದೇ. ನಮಗೆ ಕೊಟ್ಟ ಕೋಣೆಯಲ್ಲಿ ಬಿಸಿ ಮಾಡುವ ಅನುಕೂಲ ಇರಲಿಲ್ಲ, ಹಾಗಾಗಿ ತಣ್ಣಗಿದ್ದರೂ ನಡೆಯುವಂಥದ್ದು ಬೇಕು. ಚಿತ್ರಾನ್ನ ಸರಿ, ಆದರೆ ಬೆಳ್ಳುಳ್ಳಿ ಬೇಡ, ಮುಚ್ಚಿದ ಕೋಣೆ. ನನ್ನ ಆಯ್ಕೆ ಮೊಸರನ್ನ. ಬೆಳಿಗ್ಗೆ ಬಿಸಿ ಅನ್ನವನ್ನು ಮೆತ್ತಗೆ ಹಿಸುಕಿ, ಹಾಲು ಜಾಸ್ತಿ ಹಾಕಿ, ಮೊಸರು ಒಂದೇ ಚಮಚ. ಉಗುರುಬೆಚ್ಚಗಿರುವಾಗ ಡಬ್ಬಿಗೆ ತುಂಬಿದರೆ ಮಧ್ಯಾಹ್ನದ ಹೊತ್ತಿಗೆ ಅಲ್ಲೇ ಹೆಪ್ಪಾಗಿರುತ್ತದೆ, ಹುಳಿ ಬಂದಿರಲ್ಲ. ರೈಲು ಪ್ರಯಾಣಕ್ಕೆ ಅಮ್ಮ ಹೀಗೇ ಕಟ್ಟಿಕೊಡುತ್ತಿದ್ದರು. ಸ್ಟೀಲ್ ಡಬ್ಬಿ ಬೇಡ, ಎಕ್ಸ್‌ರೇ ಹತ್ತಿರ ಪ್ರತಿ ಸಲ ತೆರೆದು ತೋರಿಸುವ ಗೋಳು. ಪ್ಲಾಸ್ಟಿಕ್ ಡಬ್ಬಿ, ಪ್ಲಾಸ್ಟಿಕ್ ಚಮಚ.

ಆದರೂ ದಿನಾ ಬುತ್ತಿ ಕಟ್ಟಬೇಡಿ ಅಂತಲೇ ನನ್ನ ಸಲಹೆ. ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳಿಗ್ಗೆಯೆಲ್ಲ ಕೂತು, ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಮಾತುಗಳನ್ನು ಕೇಳಿಸಿಕೊಂಡವರು ಹೊರಗೆ ಹೋಗಿ ನಾಲ್ಕು ಹೆಜ್ಜೆ ಹಾಕಲೇಬೇಕು. 25 ಡಾಲರ್ ಶುರುವಾದ ದಿನ ನಾನು ಆಮಿಶ್ ಹೋಟೆಲಿನ ಕೌಂಟರಿನಲ್ಲಿ ಕೂತು, ಬಿಸಿ ಆ್ಯಪಲ್ ಡಂಪ್ಲಿಂಗ್ ಮೇಲೆ ಗಟ್ಟಿ ಕೆನೆ ಹಾಕಿಸಿಕೊಂಡು ತಿಂದೆ. ಲೆಕ್ಕ ಬರೆಯಲಿಲ್ಲ.

ಕೊನೆಗೆ ತೀರ್ಪಿಗೆ ಕೂತಾಗ ನಮ್ಮನ್ನು ಹೊರಗೆ ಬಿಡಲಿಲ್ಲ, ಊಟ ಒಳಗೇ ತರಿಸಿಕೊಟ್ಟರು. ಸಸ್ಯಾಹಾರಿ ಅಂತ ಬೆಳಿಗ್ಗೆಯೇ ಕೋರ್ಟಿನ ಸಿಬ್ಬಂದಿಗೆ ಹೇಳಿಡಿ, ಊಟ ಬಂದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ನನಗೆ ಬಂದದ್ದು ಉದ್ದನೆಯ ಬ್ರೆಡ್ಡಿನಲ್ಲಿ ಚೀಸ್, ಟೊಮೆಟೊ, ಲೆಟಿಸ್. ಸಪ್ಪೆ. ನನ್ನ ಬ್ಯಾಗಿನಲ್ಲಿ ಸಣ್ಣ ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿ ಇತ್ತು, ಅದರ ರಸ ಸವರಿಕೊಂಡೆ. ಬಸ್ ಓಡಿಸುತ್ತಿದ್ದ ಹಿರಿಯರು ನನಗೂ ಸ್ವಲ್ಪ ಅಂದರು. ಹಂದಿಮಾಂಸದ ಸ್ಯಾಂಡ್‌ವಿಚ್ಚಿಗೆ ಹಾಕಿಕೊಂಡು ತಿಂದು, ಇದು ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ವಿಚಾರಿಸಿದರು.