ಅಮ್ಮ ನಂಬಿಬಿಟ್ಟರೆ ಭಯ ಎಲ್ಲಿ?

ನಾನು ಬರೆದ ಮೊದಲ ದೆವ್ವದ ಕಥೆಯನ್ನು ಒಂಬತ್ತನೇ ತರಗತಿಯಲ್ಲಿ ಓದಿದಾಗ ಮಕ್ಕಳು ನಕ್ಕರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಶನಿವಾರದ ಕೊನೆಯ ಪಿರಿಯಡ್ ನಮಗೆ ಕಥೆಯ ಹೊತ್ತು. ಆ ಕಥೆಯಲ್ಲಿ ಹಾಳು ಬಾವಿ, ಅಮಾವಾಸ್ಯೆ, ಬಿಳಿ ಸೀರೆ, ಗೆಜ್ಜೆ ಸದ್ದು ಎಲ್ಲ ಇತ್ತು. "ಇದೆಲ್ಲ ಟಿವಿಯಲ್ಲಿ ದಿನಾ ಬರುತ್ತೆ ಮೇಡಂ" ಅಂದ ಒಬ್ಬ ಹುಡುಗ. ಆದರೆ ನನಗೆ ನಾಟಿದ್ದು ಹಿಂದಿನ ಬೆಂಚಿನ ಹುಡುಗಿಯ ಮಾತು. "ದೆವ್ವ ಕಂಡವಳು ಅಮ್ಮನಿಗೆ ಹೇಳಿದಳು, ಅಮ್ಮ ತಕ್ಷಣ ನಂಬಿದರು, ಭಟ್ಟರನ್ನು ಕರೆಸಿದರು. ಇನ್ನು ಹೆದರೋಕೆ ಏನಿದೆ ಮೇಡಂ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಮಕ್ಕಳಿಗೆ ಭಯದ ಕಥೆ ಬರೆಯುವ ಆರ್. ಎಲ್. ಸ್ಟೈನ್ ಪುಸ್ತಕಗಳನ್ನು ಒಂದೊಂದಾಗಿ ಓದಿದೆ. ಬಹುಪಾಲು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಪ್ರತಿಗಳು. ಪೆನ್ಸಿಲ್ ಹಿಡಿದು ಓದಿದೆ. ಎಲ್ಲಿ ಮೈ ಜುಮ್ ಅಂದಿತೋ ಅಲ್ಲಿ ಗೆರೆ ಎಳೆದೆ, ಯಾಕೆ ಅಂತ ಪಕ್ಕದಲ್ಲಿ ಬರೆದೆ.

ಸ್ಟೈನ್ ಹುಟ್ಟಿದ್ದು 1943ರಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಒಂಬತ್ತು ವರ್ಷದವನಿದ್ದಾಗ ಮನೆಯ ಅಟ್ಟದಲ್ಲಿ ಒಂದು ಟೈಪ್‌ರೈಟರ್ ಸಿಕ್ಕಿತು. ಅಂದಿನಿಂದ ಬರೆಯಲು ಶುರು ಮಾಡಿದರು. ಬರೆದದ್ದು ದೆವ್ವದ ಕಥೆಯಲ್ಲ, ನಗೆಬರಹ. ದೊಡ್ಡವರಾದ ಮೇಲೂ 'ಜೋವಿಯಲ್ ಬಾಬ್' ಅನ್ನೋ ಹೆಸರಿನಲ್ಲಿ ಮಕ್ಕಳಿಗೆ ಹಾಸ್ಯದ ಪುಸ್ತಕ ಬರೆಯುತ್ತಿದ್ದರು, 'ಬನಾನಾಸ್' ಎಂಬ ಹಾಸ್ಯಪತ್ರಿಕೆಗೆ ಸಂಪಾದಕರೂ ಆಗಿದ್ದರು. ಒಬ್ಬ ಸಂಪಾದಕಿ ಹದಿಹರೆಯದವರಿಗೆ ಭಯದ ಕಾದಂಬರಿ ಬರೆದುಕೊಡಿ ಎಂದು ಕೇಳಿ, 'ಬ್ಲೈಂಡ್ ಡೇಟ್' ಅಂತ ಹೆಸರನ್ನೂ ತಾವೇ ಕೊಟ್ಟರು. ಅದು 1986ರಲ್ಲಿ ಬಂತು. 1989ರಲ್ಲಿ 'ಫಿಯರ್ ಸ್ಟ್ರೀಟ್' ಸರಣಿ, 1992ರಲ್ಲಿ ಇನ್ನೂ ಚಿಕ್ಕ ಮಕ್ಕಳಿಗಾಗಿ 'ಗೂಸ್‌ಬಂಪ್ಸ್'. ನಗಿಸುವವನ ಕೈಗೆ ಹೆದರಿಸುವುದು ಒಗ್ಗಿದ್ದು ನನಗೆ ಆಶ್ಚರ್ಯ ಅನ್ನಿಸಲಿಲ್ಲ. ಎರಡಕ್ಕೂ ಕೊನೆಯ ಸಾಲು ಸರಿಯಾದ ಗಳಿಗೆಗೆ ಬೀಳಬೇಕು, ಅಲ್ವಾ? ಅವರ ಪ್ರತಿ ಅಧ್ಯಾಯವೂ ಹಾಗೇ ಮುಗಿಯುತ್ತದೆ. ಹೆಗಲ ಮೇಲೆ ಕೈ ಬೀಳುತ್ತದೆ, ಪುಟ ತಿರುಗಿಸಿದರೆ ತಮ್ಮ ನಿಂತಿರುತ್ತಾನೆ. ನಾಲ್ಕು ಸಲ ಹೀಗಾದ ಮೇಲೆ ಐದನೇ ಸಲ ತಮ್ಮ ಇರುವುದಿಲ್ಲ.

ನನ್ನ ಗೆರೆಗಳು ಬಹಳಷ್ಟು ಸಲ ಒಂದೇ ಜಾಗದಲ್ಲಿ ಬಿದ್ದಿದ್ದವು. ಹೊಸ ಊರು, ಹೊಸ ಮನೆ, ಹೊಸ ಶಾಲೆ. ಅಲ್ಲಿ ಮಗು ಏನನ್ನೋ ಕಾಣುತ್ತದೆ. ಓಡಿಹೋಗಿ ಅಪ್ಪ ಅಮ್ಮನಿಗೆ ಹೇಳುತ್ತದೆ. ಅವರು ನಂಬುವುದಿಲ್ಲ. ದೆವ್ವ ಕಂಡಾಗ ನನಗೆ ಅಷ್ಟಾಗಿ ಭಯವಾಗಲಿಲ್ಲ. ಅಮ್ಮ "ಹೋಗಿ ಮಲಗು" ಅಂದು ದೀಪ ಆರಿಸಿದಾಗ ಆಯಿತು. ಫಿಯರ್ ಸ್ಟ್ರೀಟ್ ಕಥೆಗಳು ಶೇಡಿಸೈಡ್ ಅನ್ನೋ ಕಲ್ಪಿತ ಊರಿನಲ್ಲಿ ನಡೆಯುತ್ತವೆ. ಅಲ್ಲಿನ ಹುಡುಗ ಹುಡುಗಿಯರು ಹದಿಹರೆಯದವರು, ಹಾಗಾಗಿ ಹೊಟ್ಟೆಕಿಚ್ಚು, ಪ್ರೀತಿ, ತಮಾಷೆಗೆ ಮಾಡಿದ ಒಂದು ಫೋನ್ ಕರೆ ಎಲ್ಲವೂ ಕೊಲೆಯವರೆಗೆ ಹೋಗುತ್ತವೆ. ಅಲ್ಲೂ ನೆರವಿಗೆ ಯಾವ ದೊಡ್ಡವರೂ ಬರುವುದಿಲ್ಲ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟವಾಯಿತು. ಸ್ಟೈನ್ ಅವರ ಮಗ ಚಿಕ್ಕವನಿದ್ದಾಗ ಒಂದು ರಬ್ಬರ್ ಮುಖವಾಡ ಹಾಕಿಕೊಂಡು ತೆಗೆಯಲಾಗದೆ ಒದ್ದಾಡಿದನಂತೆ. ಮುಖಕ್ಕೆ ಅಂಟಿಕೊಂಡು ಬಿಡದ ಮುಖವಾಡದ ಕಥೆ ಹುಟ್ಟಿದ್ದು ಅದರಿಂದ. ಅಂದರೆ ಬಾವಿ, ಅಮಾವಾಸ್ಯೆ ಬೇಕಿಲ್ಲ. ಮನೆಯೊಳಗೇ ಇರುವ ವಸ್ತು ಸಾಕು.

ಹೊಸದಾಗಿ ಬರೆಯಲು ಕೂತೆ. ಅವರಂತೆ ಮೊದಲು ಹೆಸರು: 'ಗೋಡೆಯಾಚೆ'. ಆಮೇಲೆ ಅಧ್ಯಾಯಕ್ಕೆ ಇಷ್ಟು ಅಂತ ಔಟ್‌ಲೈನ್. ಸ್ಟೈನ್ ಪೂರ್ತಿ ಔಟ್‌ಲೈನ್ ಆಗದೆ ಬರೆಯಲು ಕೂರುವುದಿಲ್ಲ. ಮೊದಲ ಸಲ ಸುಮ್ನೆ ಬರೆದುಕೊಂಡು ಹೋಗಿದ್ದ ನನಗೆ ಇದು ದೊಡ್ಡ ಪಾಠ. ಅಪ್ಪನಿಗೆ ವರ್ಗಾವಣೆಯಾಗಿ ಬಾಡಿಗೆ ಮನೆಗೆ ಬಂದ ಹುಡುಗಿ. ರಾತ್ರಿ ಅವಳ ಕೋಣೆಯ ಗೋಡೆಯನ್ನು ಆಚೆಯಿಂದ ಯಾರೋ ತಟ್ಟುತ್ತಾರೆ. ಆಚೆ ಇರುವುದು ಖಾಲಿ ಸೈಟು. ಅಪ್ಪ "ಇಲಿ" ಅನ್ನುತ್ತಾರೆ, ಅಮ್ಮ "ಹೊಸ ಜಾಗ, ನಿದ್ದೆ ಬಂದಿಲ್ಲ ಅಷ್ಟೇ" ಅನ್ನುತ್ತಾರೆ.

ಅಲ್ಲಿಗೇ ಕಥೆ ನಿಂತಿತು. ಯಾಕೆಂದರೆ ಆ ಮನೆಯಲ್ಲಿ ಅಜ್ಜಿಯೂ ಇದ್ದರು, ಮತ್ತು ನಮ್ಮ ಅಜ್ಜಿಯರು ನಂಬುತ್ತಾರೆ! ಸ್ಟೈನ್ ಕಥೆಗಳ ಅಪ್ಪ ಅಮ್ಮ ದೆವ್ವ ಇಲ್ಲ ಅಂತ ತಿಳಿದವರು. ನಮ್ಮಲ್ಲಿ ಸದ್ದು ಕೇಳಿತು ಅಂದರೆ ದೃಷ್ಟಿ ತೆಗೆಯುತ್ತಾರೆ, ತಾಯತ ಕಟ್ಟುತ್ತಾರೆ. ಎರಡು ವಾರ ಒಂದು ಸಾಲೂ ಬರೆಯಲಾಗಲಿಲ್ಲ. ಅಜ್ಜಿಯನ್ನೇ ತೆಗೆದುಹಾಕೋಣ ಅಂತಲೂ ಅನ್ನಿಸಿತು. ಆದರೆ ಅಜ್ಜಿ ಇಲ್ಲದ ಮನೆ ನನ್ನ ತರಗತಿಯ ಮಕ್ಕಳಿಗೆ ಗೊತ್ತಿರುವ ಮನೆಯಲ್ಲ.

ಒಂದು ಸಂಜೆ ಪಾತ್ರೆ ತೊಳೆಯುವಾಗ ದಾರಿ ಕಂಡಿತು. ಅಜ್ಜಿ ಖಂಡಿತ ನಂಬಲಿ. ಆದರೆ ಸದ್ದು ಗೋಡೆಯಾಚೆಯದು ಅಂತಲ್ಲ, ಹುಡುಗಿಯ ಮೈಮೇಲೆ ಬಂದಿದೆ ಅಂತ ನಂಬಲಿ. ಆಗ ಎಲ್ಲರೂ ಅವಳ ಕಡೆಗೇ ನೋಡುತ್ತಾರೆ. ಅವಳ ಹಣೆಗೆ ಭಸ್ಮ, ತೋಳಿಗೆ ತಾಯತ, ಕೋಣೆಗೆ ಹೊರಗಿನಿಂದ ಚಿಲಕ. ಗೋಡೆಯ ಕಡೆಗೆ ಯಾರೂ ನೋಡುವುದಿಲ್ಲ. ನಮ್ಮ ಮನೆಗಳಲ್ಲಿ ದೆವ್ವವನ್ನು ನಂಬುವಷ್ಟು ಸುಲಭವಾಗಿ ಹದಿನಾಲ್ಕರ ಹುಡುಗಿಯ ಮಾತನ್ನು ನಂಬುವುದಿಲ್ಲ. ಅದನ್ನು ಬರೆಯುವಾಗ ನನ್ನ ಕೈ ನಡುಗಿತು.

ಏನನ್ನು ಬಿಡಬೇಕು ಅಂತಲೂ ಯೋಚಿಸಿದೆ. ಗೂಸ್‌ಬಂಪ್ಸ್‌ನಲ್ಲಿ ಸ್ಟೈನ್ ಮಾದಕ ವಸ್ತು, ವಿಚ್ಛೇದನ, ಮಕ್ಕಳ ಮೇಲಿನ ದೌರ್ಜನ್ಯ ಇವನ್ನು ತರುವುದಿಲ್ಲ. ಇದು ಕಟ್ಟುಕಥೆ ಅಂತ ಮಗುವಿಗೆ ಗೊತ್ತಿರಬೇಕು ಅನ್ನೋದು ಅವರ ನಿಲುವು. ನನ್ನ ಹಳೇ ಕಥೆಯ ದೆವ್ವ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಬಾವಿಗೆ ಬಿದ್ದ ಹುಡುಗಿ. ಅದನ್ನು ಪೂರ್ತಿ ತೆಗೆದೆ. ಫಲಿತಾಂಶದ ದಿನ ಮಕ್ಕಳ ಮುಖ ಹೇಗಿರುತ್ತದೆ ಅಂತ ಪ್ರತಿ ವರ್ಷ ನೋಡುವವಳು ನಾನು. ಅದನ್ನು ಮಜಾ ಕೊಡುವ ಭಯವಾಗಿ ಬಳಸಬಾರದು.

ಕೊನೆಯಲ್ಲಿ ಮಾತ್ರ ಎಡವಿದೆ. ಹುಡುಗಿಯನ್ನು ಕೋಣೆಯಲ್ಲೇ ಬಿಟ್ಟು ಕಥೆ ಮುಗಿಸಿದ್ದೆ. ಓದಿ ಮುಗಿಸಿದಾಗ ಈ ಸಲ ಯಾರೂ ನಗಲಿಲ್ಲ, ಸಿಟ್ಟಾದರು. "ಅವಳದೇನು ತಪ್ಪು ಮೇಡಂ?" ಅಂತ ಬೆಲ್ ಹೊಡೆದ ಮೇಲೂ ಎದ್ದುಹೋಗಲಿಲ್ಲ. ಸ್ಟೈನ್‌ಗೂ ಹೀಗೇ ಆಗಿತ್ತು. 1992ರ ಒಂದು ಫಿಯರ್ ಸ್ಟ್ರೀಟ್ ಕಾದಂಬರಿಯಲ್ಲಿ ಕೆಟ್ಟವಳು ಗೆದ್ದು ಒಳ್ಳೆಯವಳು ಸಿಕ್ಕಿಬೀಳುತ್ತಾಳೆ. ಓದುಗರಿಂದ ಸಿಟ್ಟಿನ ಪತ್ರಗಳು ಬಂದವು. ಕೊನೆಗೆ ಐದು ವರ್ಷದ ಮೇಲೆ ಅವರು ಅದಕ್ಕೆ ಎರಡನೇ ಭಾಗ ಬರೆದರು.

ನಾನು ಐದು ವರ್ಷ ಕಾಯಿಸಲಿಲ್ಲ. ಮುಂದಿನ ಶನಿವಾರ ಹೊಸ ಕೊನೆ ಓದಿದೆ. ಹುಡುಗಿ ಒಳಗಿನಿಂದ ಗೋಡೆಯನ್ನು ತಟ್ಟಲು ಶುರು ಮಾಡುತ್ತಾಳೆ. ಮೂರು ಸಲ, ಬಿಟ್ಟು ಎರಡು ಸಲ. ಆಚೆಯಿಂದಲೂ ಅದೇ ಲೆಕ್ಕದಲ್ಲಿ ಉತ್ತರ ಬರುತ್ತದೆ. ಬಾಗಿಲ ಹೊರಗೆ ಜಪಮಾಲೆ ಹಿಡಿದು ಕೂತಿದ್ದ ಅಜ್ಜಿಗೆ ಎರಡೂ ಕೇಳುತ್ತವೆ. ಅವರು ಎದ್ದು ಚಿಲಕ ತೆಗೆಯುತ್ತಾರೆ, ಮೊಮ್ಮಗಳ ಪಕ್ಕ ಬಂದು ಗೋಡೆಗೆ ಕಿವಿ ಇಡುತ್ತಾರೆ.

ಹಿಂದಿನ ಬೆಂಚಿನ ಹುಡುಗಿ ಆ ಪುಟವನ್ನು ಇನ್ನೊಂದು ಸಲ ಓದಿ ಅಂದಳು. ಓದಿದೆ.