‘ಸಂಬಂಧಪಟ್ಟವರು’ ಅಂದರೆ ಯಾರು ಸಾರ್?

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೊಬ್ಬರು ವಾರ್ತೆ ಓದುವುದು ನಮ್ಮಲ್ಲೂ ವಾಡಿಕೆ. ಮಕ್ಕಳಿಗೆ ಪತ್ರಿಕೆ ಓದಿಸುವುದೆಂದರೆ ಇದೇ ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

2023ರ ಜುಲೈ 1, ಪತ್ರಿಕಾ ದಿನ. 1843ರಲ್ಲಿ ಇದೇ ದಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದದ್ದನ್ನು ಹೇಳಿ ಕ್ಲಾಸು ಶುರುಮಾಡಿದೆ. ಬೆಳಿಗ್ಗೆ ಒಬ್ಬ ಹುಡುಗಿ ‘ಸೇತುವೆ ಕಾಮಗಾರಿ ನನೆಗುದಿಗೆ’ ಎಂದು ಎಲ್ಲೂ ತಡವರಿಸದೆ ಓದಿದ್ದಳು. ಏನು ಸುದ್ದಿಯಮ್ಮ ಅದು ಎಂದು ಕೇಳಿದೆ. “ನನೆಗುದಿ ಅನ್ನೋ ಊರಲ್ಲಿ ಸೇತುವೆ ಕಟ್ತಿದಾರೆ ಸಾರ್.” ಯಾರೂ ನಗಲಿಲ್ಲ. ಉಳಿದವರೂ ಹಾಗೇ ತಿಳಿದಿದ್ದರು. ಆ ದಿನ ನನಗೆ ಊಟ ಸೇರಲಿಲ್ಲ.

ಮರುವಾರದಿಂದ ಮುಖಪುಟ ಬದಿಗಿಟ್ಟು ಜಿಲ್ಲಾ ಪುಟ ಹಿಡಿದೆವು. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಿಂದ, ಬಸ್‌ಸ್ಟ್ಯಾಂಡ್ ಹೋಟೆಲಿನಿಂದ ನಿನ್ನೆಯ ಪೇಪರು ಪುಕ್ಕಟೆ ಸಿಗುತ್ತಿತ್ತು. ನೆಲದ ಮೇಲೆ ಹಾಳೆ ಹರಡಿ ಸುತ್ತ ನಾಲ್ಕು ಮಕ್ಕಳು. ಗಟ್ಟಿಯಾಗಿ ಓದುವಂತಿಲ್ಲ, ಗೊತ್ತಿಲ್ಲದ ಪದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಬೇಕು. ಅನುದಾನ, ಠರಾವು, ಕ್ರಿಯಾಯೋಜನೆ, ತೆರವು. ಅರ್ಥ ನಾನು ಹೇಳುತ್ತಿರಲಿಲ್ಲ. ಮುಂದಿನ ಎರಡು ಸಾಲು ಓದಿ ಅವರೇ ಊಹಿಸಬೇಕು, ಆಮೇಲೆ ನಮ್ಮ ಊರಿನ ಮೇಲೆ ಒಂದು ವಾಕ್ಯ ಕಟ್ಟಬೇಕು. ಸುದ್ದಿ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವ ಪ್ರಾಜೆಕ್ಟ್ ಕೈಬಿಟ್ಟೆ. ಅದರಲ್ಲಿ ಕತ್ತರಿಗೆ ಕೆಲಸ, ಕಣ್ಣಿಗಲ್ಲ.

ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಆ ಸುದ್ದಿಯನ್ನು ಮಕ್ಕಳು ಓದಿದ ಹಾಗೆ ಯಾವ ಪಾಠವನ್ನೂ ಓದಿದ್ದು ನಾನು ನೋಡಿಲ್ಲ. ಓದಿ ಮುಗಿಸಿದವರೇ ಕಿಟಕಿಯಾಚೆ ನಮ್ಮ ಓವರ್‌ಹೆಡ್ ಟ್ಯಾಂಕ್ ಕಡೆ ತಿರುಗಿದರು. ಅದಕ್ಕೆ ಮುಚ್ಚಳ ಇರಲಿಲ್ಲ.

ವಾಚಕರ ಪತ್ರ ಬರೆಯೋಣ ಎಂದೆ. ಮೂವತ್ತೆಂಟು ಪತ್ರ ಬಂದವು, ಮೂವತ್ತೆಂಟರದ್ದೂ ಕೊನೆಯ ಸಾಲು ಒಂದೇ: ‘ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನಹರಿಸಬೇಕು.’ ಹಿಂದಿನ ಬೆಂಚಿನ ಒಬ್ಬ ಹುಡುಗ, ಅಕ್ಷರ ಕೂಡಿಸಿ ಕೂಡಿಸಿ ಓದುವವನು, ಕೇಳಿದ: “ಸಂಬಂಧಪಟ್ಟವರು ಅಂದ್ರೆ ಯಾರು ಸಾರ್?”

ಆ ಪ್ರಶ್ನೆಗೆ ಪೂರ್ತಿ ಒಂದು ವಾರ ಕೊಟ್ಟೆ. ನೀರು ಬಿಡುವವರು ನೀರಗಂಟಿ. ಮುಚ್ಚಳ ಯಾಕಿಲ್ಲ ಎಂದು ಮಕ್ಕಳು ಕೇಳಿದ್ದಕ್ಕೆ, ತಾನು ಎರಡು ಸಲ ಹೇಳಿದ್ದೇನೆ ಎಂದರು. ಹೇಳಿದ್ದು ಪಿಡಿಓಗೆ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ. ದುಡ್ಡು ಬೇಕಾದರೆ ಸದಸ್ಯರ ಸಭೆಯಲ್ಲಿ ಠರಾವು ಆಗಬೇಕು. ಜುಲೈನಲ್ಲಿ ಸುತ್ತು ಹಾಕಿದ್ದ ಪದ ಅಲ್ಲಿ ಎದುರಾದಾಗ ಮಕ್ಕಳ ಮುಖ ನೋಡಬೇಕಿತ್ತು! ಎಲ್ಲರೂ ಸೇರಿ ಒಂದೇ ಪತ್ರ ಬರೆದರು. ಟ್ಯಾಂಕ್ ಎಲ್ಲಿದೆ, ಮುಚ್ಚಳ ಹೋಗಿ ಎಷ್ಟು ತಿಂಗಳು, ನೀರು ಎಷ್ಟು ಮನೆಗೆ ಹೋಗುತ್ತದೆ, ಯಾವತ್ತು ಯಾರಿಗೆ ತಿಳಿಸಿದೆವು, ಠರಾವು ಮಾಡಬೇಕಾದವರು ಯಾರು. ಇಷ್ಟೇ, ಐದು ಸಾಲು.

ಪತ್ರ ಅಚ್ಚಾಯಿತು. ಆದರೆ ಜಾಗದ ಅಭಾವವೋ ಏನೋ, ಕೊನೆಯ ಎರಡು ಸಾಲು ಹೋಗಿ ಅಲ್ಲಿ ‘ಸಂಬಂಧಪಟ್ಟವರು ಕ್ರಮ ಕೈಗೊಳ್ಳಲಿ’ ಎಂದಿತ್ತು. ಅದೇ ಹುಡುಗ ಅದರ ಕೆಳಗೆ ಕೆಂಪು ಗೆರೆ ಎಳೆದು ನನ್ನ ಮೇಜಿಗೆ ತಂದಿಟ್ಟ. ಸಿಟ್ಟಿನಿಂದ ಅವನ ಕಿವಿ ಕೆಂಪಾಗಿತ್ತು. ಪತ್ರಿಕೆ ಓದಿ ಸಿಟ್ಟಾದ ಮೊದಲ ಮಗು ಅವನು. ನನಗೆ ಕಣ್ಣು ತುಂಬಿ ಬಂತು.

ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಗೆ ಅಚ್ಚಾದ ತುಂಡು ಒಯ್ಯಲಿಲ್ಲ, ಕೈಬರಹದ ಮೂಲ ಪತ್ರವನ್ನೇ ಒಯ್ದೆವು. ಓದಿದ್ದು ನನೆಗುದಿಯ ಹುಡುಗಿ. ಮಧ್ಯೆ ಯಾರೋ “ಆಯ್ತು ಕೂತ್ಕೊಳಮ್ಮ” ಎಂದಾಗ, “ಇನ್ನೂ ಒಂದು ಸಾಲಿದೆ” ಎಂದು ನಿಂತೇ ಓದಿ ಮುಗಿಸಿದಳು. ಅರ್ಜಿ ಪುಸ್ತಕದಲ್ಲಿ ದಾಖಲಾಯಿತು.

ಮುಚ್ಚಳ ಬರಲು ಮತ್ತೆರಡು ತಿಂಗಳು ಹಿಡಿಯಿತು. ಈಗ ಟ್ಯಾಂಕಿನ ಕಂಬದ ಮೇಲೆ ನೀರಗಂಟಿ ತೊಳೆದ ದಿನಾಂಕವನ್ನು ಬಿಳಿ ಪೇಂಟಿನಲ್ಲಿ ಬರೆಯುತ್ತಾರೆ. ಹಿಂದಿನ ಬೆಂಚಿನ ಹುಡುಗ ಶಾಲೆಗೆ ಬರುವ ದಾರಿಯಲ್ಲಿ ಅದನ್ನು ಓದಿಕೊಂಡು ಬಂದು, ವಾರ್ತೆಯ ಜೊತೆ ಅದನ್ನೂ ಹೇಳುತ್ತಾನೆ.